ಕರೆಂಟ್ ಹೋದರೂ ಚೆಂಡೆ ನಿಲ್ಲಬಾರದು

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ದೀಪಾವಳಿ ಕಳೆಯುವವರೆಗೆ ನನಗೆ ರೆಕಾರ್ಡಿಂಗೇ ಗತಿ. ಉಡುಪಿಯಲ್ಲಿ ಕರೆಂಟ್ ಕೈಕೊಡುವುದೂ ಆಗಲೇ. ಗಾಳಿಗೆ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಸಾಕು. ಭಾಗವತ ಕಾಳಿಂಗ ನಾವಡರ ಪದ್ಯ ಏರುವ ಹೊತ್ತಿಗೆ ಸರಿಯಾಗಿ ಮನೆ ಕತ್ತಲು.

ಇನ್ವರ್ಟರ್ ಇತ್ತು. ಆದರೆ ಅದು ಹಳೆಯ ಸ್ಕ್ವೇರ್ ವೇವ್ ಮಾದರಿ, ನಯವಾದ ಅಲೆಯ ಬದಲು ಚೌಕ ಅಲೆಯ ಕರೆಂಟ್ ಕೊಡುವಂಥದ್ದು. ಅದರಲ್ಲಿ ಆಂಪ್ಲಿಫೈಯರ್ ಹಾಕಿದರೆ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತದೆ, ಸ್ಪೀಕರಿನಲ್ಲೂ ಅದೇ ಸದ್ದು. ಬ್ಯಾಟರಿಯ 12 ವೋಲ್ಟ್ ಡಿಸಿಯನ್ನು 230 ವೋಲ್ಟ್ ಎಸಿ ಮಾಡಿ, ಆಂಪ್ಲಿಫೈಯರ್ ಒಳಗೆ ಮತ್ತೆ ಡಿಸಿ ಮಾಡುವುದು ಸುಮ್ನೆ ಸುತ್ತುದಾರಿ. ನೇರ ಕೊಟ್ಟರೆ ಆಯ್ತಲ್ವಾ?

ಮೊದಲು ಕಾರ್ ಸ್ಟೀರಿಯೊದ 4440 ಐಸಿಯ ಆಂಪ್ಲಿಫೈಯರ್ ಬೋರ್ಡನ್ನು ಯುಪಿಎಸ್‌ನ 12 ವೋಲ್ಟ್, 7 ಎಎಚ್ (ಆಂಪಿಯರ್ ಅವರ್) ಬ್ಯಾಟರಿಗೆ ಜೋಡಿಸಿದೆ. ಹಾಡಿತು. ಆದರೆ ಹೀಟ್ ಸಿಂಕ್ ಮುಟ್ಟಲಾಗದಷ್ಟು ಬಿಸಿ. ಆ ಬಿಸಿಯೆಲ್ಲ ಬ್ಯಾಟರಿಯಿಂದಲೇ ಹೋದದ್ದು. ಅದಕ್ಕೇ ಕ್ಲಾಸ್ ಡಿ, ಅಂದರೆ ಸ್ವಿಚ್ಚಿನಂತೆ ಆನ್-ಆಫ್ ಆಗುತ್ತಾ ಕೆಲಸ ಮಾಡುವ ಆಂಪ್ಲಿಫೈಯರ್ ಬೋರ್ಡಿಗೆ ಬಂದೆ, ಟಿಪಿಎ 3116 ಐಸಿಯದ್ದು. ಬಿಸಿ ತುಂಬಾ ಕಡಿಮೆ, ಅದೇ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ.

ಆದರೂ ಚೆಂಡೆಯ ಪೆಟ್ಟು ಒಡೆಯುತ್ತಿತ್ತು. ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಇಂಥ ಬೋರ್ಡಿನಲ್ಲಿ ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ ಓಮ್‌ನ ಎರಡರಷ್ಟರಿಂದ ಭಾಗಿಸಿದರೆ ಹೆಚ್ಚೆಂದರೆ ಎಷ್ಟು ವಾಟ್ ಎಂಬುದು ಸಿಗುತ್ತದೆ. 12 ವೋಲ್ಟ್, 8 ಓಮ್ ಅಂದರೆ 9 ವಾಟ್. ಹಾಡಿಗೆ ಧಾರಾಳ ಸಾಕು. ಚೆಂಡೆ ಹಾಗಲ್ಲ, ಒಂದೇ ಕ್ಷಣಕ್ಕೆ ಹತ್ತಾರು ಪಟ್ಟು ಕೇಳುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ ವಾಟ್ ನಾಲ್ಕು ಪಟ್ಟು.

ಹಾಗಾಗಿ ಎರಡು ಬ್ಯಾಟರಿ ಸೀರೀಸ್‌ನಲ್ಲಿ ಹಾಕಿದೆ. 24 ವೋಲ್ಟ್, ಐಸಿಯ ಮಿತಿ 26. ಸರಿಯಾಯಿತು ಎಂದುಕೊಂಡೆ. ಚಾರ್ಜರ್ ಹಾಕಿಕೊಂಡೇ ಒಂದು ರಾತ್ರಿ ಕೇಳಿದೆ. ನಡುವೆ ಸದ್ದು ನಿಂತಿತು. ಬೆಳಿಗ್ಗೆ ನೋಡಿದರೆ ಬೋರ್ಡಿನ ಕೆಪಾಸಿಟರಿನ ತಲೆ ಉಬ್ಬಿದೆ. ಅದರ ಮೈಮೇಲೆ 25 ವೋಲ್ಟ್ ಎಂದು ಬರೆದಿತ್ತು. ಚಾರ್ಜ್ ಆಗುವಾಗ ಆ ಜೋಡಿ 28 ವೋಲ್ಟ್ ದಾಟುತ್ತದೆ. ಬ್ಯಾಟರಿಯ ಮೇಲಿನ ಅಂಕಿ ನಂಬಬೇಡಿ. ಪೂರ್ತಿ ತುಂಬುವಾಗ ಎಷ್ಟು ವೋಲ್ಟ್ ಏರುತ್ತದೆ ಎಂದು ಮೀಟರ್ ಹಿಡಿದು ನೋಡಿ, ಆಮೇಲೆ ಬೋರ್ಡ್ ಕೊಳ್ಳಿ.

ಈಗ ಇರುವುದು ಲಿಥಿಯಂ ಐರನ್ ಫಾಸ್ಫೇಟ್. 6 ಎಎಚ್‌ನ ಆರು ಸೆಲ್ ಸೀರೀಸ್‌ನಲ್ಲಿ. ಒಂದಕ್ಕೆ 3.2 ವೋಲ್ಟ್‌ನಂತೆ 19.2, ಪೂರ್ತಿ ತುಂಬಿದಾಗ 21.9. ಕೆಪಾಸಿಟರಿಗೂ ಕ್ಷೇಮ, 8 ಓಮ್‌ಗೆ 23 ವಾಟ್‌ನಷ್ಟು ಬಲ. ನಾನು ಕೇಳುವ ಸದ್ದಿಗೆ ಮೀಟರ್ ಸರಾಸರಿ 7 ವಾಟ್ ತೋರಿಸುತ್ತದೆ. ಬ್ಯಾಟರಿಯಲ್ಲಿರುವುದು 115 ವಾಟ್ ಅವರ್. ಇಡೀ ರಾತ್ರಿಯ ಆಟ ಕೇಳಿ ಮುಗಿಸಿದರೂ ಮಿಕ್ಕುತ್ತದೆ.

ಬಿಎಂಎಸ್, ಅಂದರೆ ಸೆಲ್ ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ಕಾಯುವ ಬೋರ್ಡ್ ಇಲ್ಲದೆ ಈ ಸೆಲ್‌ಗಳನ್ನು ಬಳಸಲೇಬೇಡಿ. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಇರಲಿ. ಸ್ಪೀಕರಿನ ಮೈನಸ್ ತಂತಿಯನ್ನು ಗ್ರೌಂಡಿಗೆ ಸೇರಿಸಬಾರದು, ಈ ಬೋರ್ಡುಗಳಲ್ಲಿ ಎರಡೂ ತಂತಿಯಲ್ಲಿ ಸಿಗ್ನಲ್ ಇರುತ್ತದೆ. ಅದೇ ಬ್ಯಾಟರಿಯಿಂದ ಫೋನ್ ಚಾರ್ಜ್ ಮಾಡುತ್ತಾ, ಅದೇ ಫೋನಿನಿಂದ ವೈರಿನಲ್ಲಿ ಹಾಡು ಕೊಟ್ಟಾಗ ನನಗೆ ಕುಂಯ್ ಸದ್ದು ಬಂತು. ಚಾರ್ಜ್ ತೆಗೆದ ಕೂಡಲೇ ಹೋಯಿತು. ಕಡಲ ಗಾಳಿಗೆ ಟರ್ಮಿನಲ್ ಬೇಗ ಹಸಿರುಗಟ್ಟುತ್ತದೆ, ವ್ಯಾಸಲಿನ್ ಸವರಿಡುತ್ತೇನೆ.

ಗುಡುಗು ಶುರುವಾದರೆ ಚಾರ್ಜರಿನ ಪ್ಲಗ್ ಕಿತ್ತಿಡುತ್ತೇನೆ. ಆಮೇಲೆ ಗೋಡೆಯಿಂದ ಬರುವ ಒಂದು ತಂತಿಯೂ ಸಿಸ್ಟಮಿಗೆ ಇರುವುದಿಲ್ಲ. ಕರೆಂಟ್ ಹೋಗಿ ಫ್ರಿಜ್, ಫ್ಯಾನ್ ಎಲ್ಲ ನಿಂತು, ಮಳೆಯೂ ಒಂದು ಗಳಿಗೆ ಬಿಟ್ಟಾಗ, ಪದ್ಯದ ನಡುವೆ ಭಾಗವತರು ಉಸಿರು ತೆಗೆದುಕೊಳ್ಳುವುದೂ ಕೇಳುತ್ತದೆ.