ಅಂಗಡಿ ಕಂಪ್ಯೂಟರ್‌ನಿಂದ ಆಡ್‌ವೇರ್ ಬಿಡಿಸಿದ ಮೂರು ದಿನ

ಪಹಣಿ ತೆಗೆಸಲು ಬಂದಿದ್ದ ಅಜ್ಜಿಯೊಬ್ಬರು ಸ್ಕ್ರೀನ್ ಕಡೆ ಕೈ ತೋರಿಸಿ ಕೇಳಿದರು, "ಏನಪ್ಪಾ ಅದು, ಮೂಲೇಲಿ ಕೆಂಪಗೆ ಬರ್ತಿದೆಯಲ್ಲ? ನನ್ನ ಜಮೀನಿಗೇನಾದ್ರೂ ತೊಂದ್ರೆನಾ?"

"ಏನಿಲ್ಲಮ್ಮ, ಜಾಹೀರಾತು" ಅಂದೆ. ಆದರೆ ನನಗೇ ಸಮಾಧಾನ ಇರಲಿಲ್ಲ. "ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಇವೆ" ಅಂತ ಆ ಪೆಟ್ಟಿಗೆ ಎರಡು ದಿನದಿಂದ ಇಂಗ್ಲಿಷಿನಲ್ಲಿ ಬರುತ್ತಲೇ ಇತ್ತು. ಅಂಗಡಿಯಲ್ಲಿ ಜನ ಜಾಸ್ತಿ ಇದ್ದರು. ಅದನ್ನು ಮುಚ್ಚಿ ಮುಚ್ಚಿ ಕೆಲಸ ಮಾಡುತ್ತಿದ್ದೆ.

ತಿಪಟೂರಿನಲ್ಲಿ ನನ್ನದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಕೊಬ್ಬರಿ ವ್ಯಾಪಾರಿಗಳ ಬಿಲ್ ಪುಸ್ತಕ, ಆನ್‌ಲೈನ್ ಅರ್ಜಿ ಎಲ್ಲ ಇಲ್ಲೇ ಆಗುತ್ತದೆ. ಎರಡು ಕಂಪ್ಯೂಟರ್ ಇವೆ. ಮುಂದಿನ ಟೇಬಲ್ಲಿನ ಕಂಪ್ಯೂಟರ್‌ನಲ್ಲಿ ದಿನಕ್ಕೆ ಮೂವತ್ತು ನಲವತ್ತು ಜನರ ಆಧಾರ್ ನಂಬರ್, ಮೊಬೈಲ್ ನಂಬರ್, ಒಟಿಪಿ ಟೈಪ್ ಆಗುತ್ತವೆ. ನಮ್ಮನ್ನು ನಂಬಿ ಕಾಗದ ಕೈಗೆ ಕೊಡುವ ಜನ ಅವರು. ಮನೆಯ ಲ್ಯಾಪ್‌ಟಾಪ್‌ನಲ್ಲಾಗಿದ್ದರೆ ಇನ್ನೊಂದು ವಾರ ಸುಮ್ನೆ ಬಿಡುತ್ತಿದ್ದೆನೋ ಏನೋ. ಇಲ್ಲಿ ಬಿಡುವಂತಿರಲಿಲ್ಲ. ಆ ಮಧ್ಯಾಹ್ನವೇ ಆ ಕಂಪ್ಯೂಟರ್‌ನಲ್ಲಿ ಅರ್ಜಿ ಹಾಕುವುದನ್ನು ನಿಲ್ಲಿಸಿ, ನೆಟ್ ಕೇಬಲ್ ಕಿತ್ತು, ಒಂದೊಂದಾಗಿ ನೋಡುತ್ತಾ ಕೂತೆ.

ಮೊದಲು ಗೊತ್ತಾಗಿದ್ದು, ಇಲ್ಲಿರುವುದು ಎರಡು ಬೇರೆ ಬೇರೆ ಕಾಯಿಲೆ ಅಂತ. ಮೂಲೆಯಲ್ಲಿ ಬರುವ ಕೆಂಪು ಪೆಟ್ಟಿಗೆ ವೈರಸ್ ಎಚ್ಚರಿಕೆಯೇ ಅಲ್ಲ. ಯಾವುದೋ ಸೈಟು "ನೋಟಿಫಿಕೇಶನ್ ಕಳಿಸಲೇ?" ಅಂತ ಕೇಳಿದಾಗ ಯಾರೋ 'ಅಲೋ' ಒತ್ತಿದ್ದಾರೆ, ಅಷ್ಟೆ. "ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಅಂತ ಬರೆದು ಒತ್ತಿಸಿಕೊಳ್ಳುವ ಸೈಟುಗಳು ಬೇಕಾದಷ್ಟಿವೆ. ಒಮ್ಮೆ ಒತ್ತಿದರೆ ಮುಗಿಯಿತು. ಆ ಸೈಟನ್ನು ಮುಚ್ಚಿದರೂ ಅದು ಪೆಟ್ಟಿಗೆ ಕಳಿಸುತ್ತಲೇ ಇರುತ್ತದೆ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವಸಿ ಅಂಡ್ ಸೆಕ್ಯುರಿಟಿ', ಅದರೊಳಗೆ 'ಸೈಟ್ ಸೆಟ್ಟಿಂಗ್ಸ್', ಅದರೊಳಗೆ 'ನೋಟಿಫಿಕೇಶನ್ಸ್'. ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿ ಇತ್ತು. ಗುರುತಿಲ್ಲದ ನಾಲ್ಕು ಹೆಸರು ತೆಗೆದೆ. ಇನ್ನು ಮುಂದೆ ಯಾವ ಸೈಟೂ ಕೇಳಲೇಬಾರದು ಅಂತ ಅಲ್ಲೇ ಸೆಟ್ ಮಾಡಿದೆ. ಎರಡು ನಿಮಿಷದ ಕೆಲಸ. ಕೆಂಪು ಪೆಟ್ಟಿಗೆ ಮತ್ತೆ ಬರಲಿಲ್ಲ.

ಎರಡನೆಯದು ನಿಜವಾದ ಕಾಯಿಲೆ. ಕ್ರೋಮ್‌ನಲ್ಲಿ ಏನೇ ಹುಡುಕಿದರೂ ಅಡ್ರೆಸ್ ಪಟ್ಟಿಯಲ್ಲಿ ಅರ್ಧ ಸೆಕೆಂಡು ಬೇರೇನೋ ವಿಳಾಸ ಮಿಂಚಿ ಹೋಗುತ್ತಿತ್ತು. ಆಮೇಲೆ ಗೂಗಲ್ ಬದಲು ಇನ್ನಾವುದೋ ಹುಡುಕಾಟದ ಪುಟ ತೆರೆಯುತ್ತಿತ್ತು. ಮೇಲಿನ ಐದಾರು ಸಾಲು ಬರೀ ಜಾಹೀರಾತು. ಇದೇ ಆಡ್‌ವೇರ್, ಅಂದರೆ ಕೇಳದೆ ನುಗ್ಗಿ ಜಾಹೀರಾತು ತೋರಿಸುವ ತಂತ್ರಾಂಶ. ಅದನ್ನು ಮಾಡಿದವನಿಗೆ ದುಡ್ಡು ಬರುವುದೇ ಹೀಗೆ. ನಮ್ಮ ಹುಡುಕಾಟವನ್ನು ತನ್ನ ದಾರಿಯಲ್ಲಿ ತಿರುಗಿಸಿ, ಪ್ರತಿ ಕ್ಲಿಕ್ಕಿಗೂ ಕಾಸು ಎಣಿಸುತ್ತಾನೆ.

ಬಂದದ್ದು ಎಲ್ಲಿಂದ ಅಂತ ನೋಡಬೇಕಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ಡ್ ಆ್ಯಪ್ಸ್' ತೆರೆದು, ಪಟ್ಟಿಯನ್ನು ಹೆಸರಿನ ಬದಲು ದಿನಾಂಕದ ಪ್ರಕಾರ ಜೋಡಿಸಿದೆ. ಇದೊಂದು ಅಭ್ಯಾಸ ಎಲ್ಲರೂ ಇಟ್ಟುಕೊಳ್ಳಿ. ಒಂದೇ ದಿನಾಂಕದಲ್ಲಿ ಮೂರು ಹೆಸರು ಒಂದರ ಕೆಳಗೊಂದು ನಿಂತಿದ್ದವು. ಒಂದು ಪಿಡಿಎಫ್ ತೆರೆಯುವುದು, ಒಂದು ಹವಾಮಾನ ತೋರಿಸುವುದು, ಇನ್ನೊಂದು 'ಬ್ರೌಸರ್ ಸಹಾಯಕ'. ಮೂರನ್ನೂ ನಾನು ಹಾಕಿರಲಿಲ್ಲ.

ಅಂಗಡಿಯ ಹುಡುಗನನ್ನು ಕರೆದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದ, "ಅಣ್ಣ, ಅವತ್ತು ಹಳೇ ನುಡಿ ಫೈಲನ್ನ ಯೂನಿಕೋಡ್ ಮಾಡ್ಬೇಕಿತ್ತಲ್ಲ, ಅದಕ್ಕೆ ಕನ್ವರ್ಟರ್ ಹಾಕಿದ್ದೆ."

ಡಿಟಿಪಿ ಕೆಲಸ ಮಾಡುವವರಿಗೆ ಈ ಕಷ್ಟ ಗೊತ್ತು. ಹಳೆಯ ಲಗ್ನಪತ್ರಿಕೆ, ಕರಪತ್ರ ಎಲ್ಲ ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಕೂತಿವೆ. ವಾಟ್ಸ್ಆ್ಯಪ್‌ಗೋ ಮೇಲ್‌ಗೋ ಹಾಕಬೇಕೆಂದರೆ ಯೂನಿಕೋಡ್ ಬೇಕು. ಅವನು ಹುಡುಕಿದ ಪುಟವನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆಸಿ ನೋಡಿದೆ. ಹಸಿರು ಬಣ್ಣದ ದೊಡ್ಡ 'ಡೌನ್‌ಲೋಡ್' ಬಟನ್ ನಾಲ್ಕು ಕಡೆ ಇತ್ತು. ನಾಲ್ಕೂ ಜಾಹೀರಾತು. ನಿಜವಾದ ಲಿಂಕು ಕೆಳಗೆ ಸಣ್ಣ ನೀಲಿ ಅಕ್ಷರದಲ್ಲಿತ್ತು. ನಾನಾದರೂ ಅವಸರದಲ್ಲಿ ಹಸಿರನ್ನೇ ಒತ್ತುತ್ತಿದ್ದೆ. ಹುಡುಗನ ಮೇಲೆ ಕೂಗಾಡಲಿಲ್ಲ. ಬೈದಿದ್ದರೆ ಮುಂದಿನ ಸಲ ಮುಚ್ಚಿಡುತ್ತಿದ್ದ. ಅವನು ನಿಜ ಹೇಳಿದ್ದರಿಂದಲೇ ನನಗೆ ದಿನಾಂಕ ಸಿಕ್ಕಿತು.

ಮೂರನ್ನೂ ಅನ್‌ಇನ್‌ಸ್ಟಾಲ್ ಮಾಡಿದೆ. ಎಕ್ಸ್‌ಟೆನ್ಶನ್ ಅಂದರೆ ಬ್ರೌಸರ್‌ಗೆ ಸೇರಿಸುವ ಚಿಕ್ಕ ಪ್ರೋಗ್ರಾಮ್. ಕ್ರೋಮ್‌ನ ಎಕ್ಸ್‌ಟೆನ್ಶನ್ ಪುಟದಲ್ಲಿ ಗುರುತಿಲ್ಲದ್ದೊಂದು ಇತ್ತು, ಅದನ್ನೂ ತೆಗೆದೆ. ಹುಡುಕಾಟವನ್ನು ಮತ್ತೆ ಗೂಗಲ್‌ಗೆ ಬದಲಿಸಿದೆ. ಎಲ್ಲ ಸರಿಹೋಯಿತು. ನೆಮ್ಮದಿಯಾಗಿ ಮನೆಗೆ ಹೋದೆ.

ಬೆಳಿಗ್ಗೆ ನೆಟ್ ಕೇಬಲ್ ಹಾಕಿ ಆನ್ ಮಾಡಿದರೆ ಅದೇ ಪುಟ, ಅದೇ ಎಕ್ಸ್‌ಟೆನ್ಶನ್. ಈ ಸಲ ಅದರ ಪಕ್ಕದ 'ರಿಮೂವ್' ಬಟನ್ನೇ ಕೆಲಸ ಮಾಡುತ್ತಿರಲಿಲ್ಲ. ಕ್ರೋಮ್ ಮೆನುವಿನ ಕೆಳಗೆ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್' ಅಂತ ಹೊಸ ಸಾಲು ಬಂದಿತ್ತು. ಅಂದರೆ, ಈ ಬ್ರೌಸರನ್ನು ನಿಮ್ಮ ಸಂಸ್ಥೆ ನೋಡಿಕೊಳ್ಳುತ್ತಿದೆ. ನನ್ನದು ಯಾವ ಸಂಸ್ಥೆ? ನಾನು ಮತ್ತು ಆ ಹುಡುಗ!

ದೊಡ್ಡ ಕಂಪನಿಗಳು ತಮ್ಮ ನೂರಾರು ಕಂಪ್ಯೂಟರ್‌ಗಳಿಗೆ ಒಂದೇ ನಿಯಮ ಹಾಕಲಿ ಅಂತ ಕ್ರೋಮ್‌ನಲ್ಲಿ ಈ ಸೌಲಭ್ಯ ಇಟ್ಟಿದ್ದಾರೆ. ಆಡ್‌ವೇರ್ ಅದೇ ಬಾಗಿಲಿನಿಂದ ನುಗ್ಗುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ "ಈ ಎಕ್ಸ್‌ಟೆನ್ಶನ್ ಕಡ್ಡಾಯ" ಅಂತ ಒಂದು ಸಾಲು ಬರೆದುಬಿಟ್ಟರೆ ಸಾಕು, ಕ್ರೋಮ್ ನಮ್ಮ ಮಾತು ಕೇಳುವುದಿಲ್ಲ. ಅಡ್ರೆಸ್ ಪಟ್ಟಿಯಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಪಾಲಿಸಿ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಯಾವ ಯಾವ ನಿಯಮ ಹೇರಲಾಗಿದೆ ಅಂತ ತೋರಿಸುತ್ತದೆ. ನನ್ನದರಲ್ಲಿ 'ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್', ಅಂದರೆ ಕಡ್ಡಾಯ ಎಕ್ಸ್‌ಟೆನ್ಶನ್‌ಗಳ ಪಟ್ಟಿ ಅಂತ ಇತ್ತು. ಕೆಲವು ಒಳ್ಳೆಯ ಆ್ಯಂಟಿವೈರಸ್‌ಗಳೂ ಇಂಥ ನಿಯಮ ಹಾಕುತ್ತವೆ. ಅದಕ್ಕೆ ಹೆಸರು ಓದದೆ ಏನನ್ನೂ ಅಳಿಸಬೇಡಿ. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರಂತೂ ಮುಟ್ಟಲೇಬೇಡಿ.

ಕ್ರೋಮ್ ಒಳಗೇ ಮೊದಲು ಒಂದು ಕ್ಲೀನಪ್ ಟೂಲ್ ಇತ್ತು. 2023ರಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಹಾಗಾಗಿ ಆಡ್‌ವೇರ್ ತೆಗೆಯುವ, ಮಾಲ್‌ವೇರ್‌ಬೈಟ್ಸ್ ಕಂಪನಿಯ ಆ್ಯಡ್‌ಡಬ್ಲ್ಯೂಕ್ಲೀನರ್ ತಂದೆ. ಇದು ಪುಕ್ಕಟೆ, ಚಿಕ್ಕದು, ಇನ್‌ಸ್ಟಾಲ್ ಮಾಡುವ ಅಗತ್ಯವೂ ಇಲ್ಲ. ಇನ್ನೊಂದು ಕಂಪ್ಯೂಟರ್‌ನಲ್ಲಿ ಮಾಲ್‌ವೇರ್‌ಬೈಟ್ಸ್ ಸೈಟಿನಿಂದಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದೆ. ಇದೇ ಹೆಸರಿನ ನಕಲಿಗಳೂ ಓಡಾಡುತ್ತವೆ, ಹುಷಾರು. ಸ್ಕ್ಯಾನ್ ಮಾಡಿದಾಗ ಇಪ್ಪತ್ತಕ್ಕೂ ಹೆಚ್ಚು ಸಾಲು ಕೆಂಪಾಗಿ ಬಂದವು. ಎಲ್ಲ ಕ್ವಾರಂಟೈನ್‌ಗೆ ಹಾಕಿ ರೀಸ್ಟಾರ್ಟ್ ಮಾಡಿದೆ. ಸಂಜೆವರೆಗೂ ನೆಟ್ ಹಾಕದೆ ಇಟ್ಟೆ, ಚೆನ್ನಾಗಿತ್ತು.

ಮೂರನೇ ದಿನ ಬೆಳಿಗ್ಗೆ ನೆಟ್ ಹಾಕಿದೆ, ಮತ್ತೆ ಬಂತು.

ಆಗ ಸ್ನೇಹಿತರೊಬ್ಬರು ಫೋನಿನಲ್ಲಿ "ಫಾರ್ಮ್ಯಾಟ್ ಹೊಡೀರಿ, ತಲೆನೋವು ಯಾಕೆ" ಅಂದರು. ಹೊಡೆಯಬಹುದಿತ್ತು. ಆದರೆ ಹಳೆಯ ಪೇಜ್‌ಮೇಕರ್, ನೂರಾರು ಫಾಂಟ್, ಪ್ರಿಂಟರ್ ಡ್ರೈವರ್ ಎಲ್ಲ ಮತ್ತೆ ಕೂರಿಸಲು ವಾರ ಬೇಕು. ಅದಕ್ಕಿಂತ ಮುಖ್ಯವಾಗಿ, ನಾನು ತೆಗೆದದ್ದನ್ನು ಯಾರೋ ವಾಪಸ್ ಇಡುತ್ತಿದ್ದಾರೆ ಅನ್ನುವುದು ಅಷ್ಟು ಹೊತ್ತಿಗೆ ಸ್ಪಷ್ಟವಾಗಿತ್ತು. ನಲ್ಲಿ ನಿಲ್ಲಿಸದೆ ನೆಲದ ನೀರು ಬಳಿಯುತ್ತಿದ್ದೆ. ಇಡುವವನನ್ನೇ ಹುಡುಕಬೇಕಿತ್ತು.

ವಿಂಡೋಸ್‌ನಲ್ಲಿ 'ಟಾಸ್ಕ್ ಶೆಡ್ಯೂಲರ್' ಅಂತ ಇದೆ. ಇಂಥ ಹೊತ್ತಿಗೆ ಇಂಥ ಕೆಲಸ ಮಾಡು ಅಂತ ಕಂಪ್ಯೂಟರ್‌ಗೆ ಹೇಳಿಡುವ ಜಾಗ. ಸ್ಟಾರ್ಟ್‌ನಲ್ಲಿ ಹೆಸರು ಹೊಡೆದರೆ ಸಿಗುತ್ತದೆ. ಎಡಗಡೆ 'ಲೈಬ್ರರಿ' ಒತ್ತಿ, ಒಂದೊಂದೇ ಸಾಲನ್ನು ತೆರೆದು 'ಆ್ಯಕ್ಷನ್ಸ್' ನೋಡುತ್ತಾ ಬಂದೆ. ಗೂಗಲ್ ಅಪ್‌ಡೇಟರ್‌ನದು ಪ್ರೋಗ್ರಾಮ್ ಫೈಲ್ಸ್ ಒಳಗಿನ ಗೂಗಲ್ ಫೋಲ್ಡರ್‌ಗೆ ಹೋಗುತ್ತದೆ, ಸರಿ. ಪ್ರಿಂಟರ್ ಕಂಪನಿಯದು ಅದರ ಫೋಲ್ಡರ್‌ಗೆ ಹೋಗುತ್ತದೆ, ಸರಿ. ಕೆಳಗಡೆ ಇನ್ನೊಂದು 'ಅಪ್‌ಡೇಟರ್' ಇತ್ತು. ಹೆಸರು ನೋಡಿದರೆ ಗೂಗಲ್‌ನದೇ ಅನ್ನಬೇಕು. ತೆರೆದರೆ ಪವರ್‌ಶೆಲ್, ಅಂದರೆ ಬರೆದ ಆದೇಶಗಳನ್ನು ಓಡಿಸುವ ವಿಂಡೋಸ್ ಪ್ರೋಗ್ರಾಮ್. ಅದರ ಮುಂದೆ ವಿಂಡೋ ಕಾಣಿಸಬೇಡ ಅನ್ನುವ ಆದೇಶ. ಅದರ ಮುಂದೆ ಅರ್ಥವಿಲ್ಲದ ಅಕ್ಷರ, ಅಂಕಿಗಳ ಉದ್ದ ಸಾಲು, ಬಲಕ್ಕೆ ಎಳೆದಷ್ಟೂ ಮುಗಿಯದು. 'ಟ್ರಿಗರ್ಸ್' ನೋಡಿದೆ. ಲಾಗಿನ್ ಆದಾಗ ಒಮ್ಮೆ, ಆಮೇಲೆ ಗಂಟೆಗೊಮ್ಮೆ. ಎರಡು ದಿನದಿಂದ ನಾನು ತೆಗೆದದ್ದನ್ನೆಲ್ಲ ನೆಟ್ ಸಿಕ್ಕಾಗ ವಾಪಸ್ ಇಡುತ್ತಿದ್ದವನು ಇವನೇ.

ಇದೇನೂ ಹೊಸ ವಿದ್ಯೆಯಲ್ಲ. 2022ರಲ್ಲಿ ಕ್ರೋಮ್‌ಲೋಡರ್ ಅನ್ನುವ ಆಡ್‌ವೇರ್ ಜಗತ್ತಿನ ತುಂಬಾ ಹರಡಿದ್ದು ಇದೇ ಉಪಾಯದಿಂದ. ಕದ್ದ ಗೇಮು, ಸಿನಿಮಾ ಅಂತ ಐಎಸ್ಒ ಫೈಲ್ (ಡಿಸ್ಕಿನ ನಕಲು) ಇಳಿಸಿಕೊಂಡವರ ಕಂಪ್ಯೂಟರ್‌ನಲ್ಲಿ ಇಂಥದ್ದೇ ಟಾಸ್ಕ್ ಕೂರಿಸಿ, ಪವರ್‌ಶೆಲ್‌ನಿಂದ ಕ್ರೋಮ್ ಎಕ್ಸ್‌ಟೆನ್ಶನ್ ತುರುಕುತ್ತಿತ್ತು.

ಈಗ ಕ್ರಮ ಬದಲಿಸಿದೆ. ನೆಟ್ ಕೇಬಲ್ ಮತ್ತೆ ಕಿತ್ತೆ. ಮೊದಲು ಆ ಟಾಸ್ಕ್ ಅಳಿಸಿದೆ. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪ್ರೋಗ್ರಾಮ್‌ಗಳು ತಮ್ಮ ಮಾಹಿತಿ ಇಡುವ ಆ್ಯಪ್‌ಡೇಟಾ ಫೋಲ್ಡರ್‌ಗೆ ಹೋಗಿ, ಆ ಮೂರು ಪ್ರೋಗ್ರಾಮ್ ಬಂದ ದಿನವೇ ಹುಟ್ಟಿದ ಫೋಲ್ಡರ್ ತೆಗೆದೆ. ಅನ್‌ಇನ್‌ಸ್ಟಾಲ್ ಮಾಡಿದ್ದರೂ ಅದು ಅಲ್ಲೇ ಉಳಿದಿತ್ತು. ಆಮೇಲೆ ರಿಜಿಸ್ಟ್ರಿ. ಅಲ್ಲಿ ಪಾಲಿಸೀಸ್ ಒಳಗಿನ ಗೂಗಲ್ ಸಾಲನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಂಡು, ನಂತರ ಅಳಿಸಿದೆ. ಕೊನೆಗೆ ಎಕ್ಸ್‌ಟೆನ್ಶನ್. ಆ್ಯಡ್‌ಡಬ್ಲ್ಯೂಕ್ಲೀನರ್ ಮತ್ತೊಮ್ಮೆ ಓಡಿಸಿದೆ. ವಿಂಡೋಸ್ ಡಿಫೆಂಡರ್‌ನಲ್ಲಿ 'ಆಫ್‌ಲೈನ್ ಸ್ಕ್ಯಾನ್' ಕೊಟ್ಟೆ. ಅದು ವಿಂಡೋಸ್ ಪೂರ್ತಿ ಏಳುವ ಮೊದಲೇ ನೋಡುತ್ತದೆ, ಸುಮಾರು ಹದಿನೈದು ನಿಮಿಷ ಹಿಡಿಯುತ್ತದೆ. ಬ್ರೌಸರ್ ದಾರಿ ತಪ್ಪಿಸಬಹುದಾದ ಬೇರೆ ಜಾಗಗಳಾದ ಡೆಸ್ಕ್‌ಟಾಪ್‌ನ ಕ್ರೋಮ್ ಶಾರ್ಟ್‌ಕಟ್, ಪ್ರಾಕ್ಸಿ ಸೆಟ್ಟಿಂಗ್, ಹೋಸ್ಟ್ಸ್ ಫೈಲ್ ಇವನ್ನೂ ಒಮ್ಮೆ ನೋಡಿದೆ. ಅಲ್ಲೇನೂ ಇರಲಿಲ್ಲ. ಪಾಸ್‌ವರ್ಡ್ ಕದಿಯುವ ಟ್ರೋಜನ್ ಏನಾದರೂ ಸ್ಕ್ಯಾನ್‌ನಲ್ಲಿ ಸಿಕ್ಕಿದ್ದರೆ ಯೋಚಿಸದೆ ಫಾರ್ಮ್ಯಾಟ್ ಮಾಡುತ್ತಿದ್ದೆ. ಸಿಗಲಿಲ್ಲ.

ರೀಸ್ಟಾರ್ಟ್. ನೆಟ್ ಹಾಕಿ ಗಂಟೆ ಕಾದೆ. ಬರಲಿಲ್ಲ. ಮರುದಿನವೂ ಬರಲಿಲ್ಲ.

ಆದರೆ ಅವತ್ತು ರಾತ್ರಿ ಮನೆಯ ಲ್ಯಾಪ್‌ಟಾಪ್ ತೆರೆದರೆ ಅದೇ ಎಕ್ಸ್‌ಟೆನ್ಶನ್ ಅಲ್ಲಿ ಕೂತಿತ್ತು! ಎರಡು ಕಡೆಯೂ ಒಂದೇ ಗೂಗಲ್ ಖಾತೆಯಲ್ಲಿ ಕ್ರೋಮ್ ಸಿಂಕ್ ಇಟ್ಟಿದ್ದೆ, ಅಂದರೆ ಒಂದು ಕಡೆ ಹಾಕಿದ್ದು ಇನ್ನೊಂದು ಕಡೆಯೂ ಬರುತ್ತದೆ. ಮೊದಲ ದಿನವೇ ಅದು ಖಾತೆಯ ಮೂಲಕ ಮನೆಗೆ ಬಂದಿದೆ. ಅಲ್ಲಿ ತೆಗೆದು, ಸಿಂಕ್ ಡೇಟಾ ಅಳಿಸಿದ ಮೇಲೆಯೇ ಪೂರ್ತಿ ಹೋಗಿದ್ದು. ಈಗ ಅಂಗಡಿಯ ಕ್ರೋಮ್‌ಗೂ ನನ್ನ ಸ್ವಂತ ಖಾತೆಗೂ ಸಂಬಂಧ ಇಟ್ಟಿಲ್ಲ.

ಆ ಎಕ್ಸ್‌ಟೆನ್ಶನ್‌ಗಿದ್ದ ಅನುಮತಿ ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. "ಎಲ್ಲ ವೆಬ್‌ಸೈಟ್‌ಗಳ ನಿಮ್ಮ ಎಲ್ಲ ಮಾಹಿತಿ ಓದಬಹುದು, ಬದಲಿಸಬಹುದು." ಬರೀ ಜಾಹೀರಾತು ತೋರಿಸುವುದಕ್ಕೆ ಇಷ್ಟು ಅನುಮತಿ ಬೇಕಾ? ಅದು ಏನು ಓದಿತು, ಎಲ್ಲಿಗೆ ಕಳಿಸಿತು ಅಂತ ತಿಳಿಯಲು ನನ್ನ ಬಳಿ ದಾರಿ ಇರಲಿಲ್ಲ. ಹಾಗಾಗಿ ಓದಿದೆ ಅಂತಲೇ ಲೆಕ್ಕ ಹಿಡಿದೆ. ಮೇಲ್, ಬ್ಯಾಂಕು, ಅರ್ಜಿ ಹಾಕುವ ಖಾತೆಗಳ ಪಾಸ್‌ವರ್ಡ್‌ಗಳನ್ನು ಫೋನಿನಿಂದ ಬದಲಿಸಿದೆ. ಗೂಗಲ್ ಖಾತೆಯಲ್ಲಿ ಎಲ್ಲ ಕಡೆಯಿಂದ ಲಾಗೌಟ್ ಕೊಟ್ಟೆ. ಆ ದಿನಗಳಲ್ಲಿ ನಮ್ಮ ಅಂಗಡಿಯಲ್ಲಿ ತಮ್ಮ ಮೇಲ್ ತೆರೆದಿದ್ದ ಹನ್ನೊಂದು ಜನರ ನಂಬರ್ ಪುಸ್ತಕದಲ್ಲಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ ಪಾಸ್‌ವರ್ಡ್ ಬದಲಿಸಲು ಹೇಳಿದೆ. ದುಡ್ಡು ಹೋದದ್ದು ಕಂಡರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಂದೆ. ಒಬ್ಬರು ಸಿಟ್ಟಾದರು. ಅವರ ಸಿಟ್ಟು ಸರಿಯೇ. ಹೇಳದೆ ಇದ್ದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಅಂದಿನಿಂದ ಅಂಗಡಿಯಲ್ಲಿ ಕೆಲವು ಬದಲಾವಣೆ ಮಾಡಿದ್ದೇವೆ. ವಿಂಡೋಸ್ ಸೆಕ್ಯುರಿಟಿಯಲ್ಲಿ 'ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್' ಒಳಗೆ 'ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್' ಅಂತ ಇದೆ. ಅಲ್ಲಿ ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ನನ್ನ ಕಂಪ್ಯೂಟರ್‌ನಲ್ಲಿ ಆಫ್ ಆಗಿತ್ತು. ಅದು ಆನ್ ಇದ್ದಿದ್ದರೆ ಈ ಕಥೆ ಶುರುವಾಗುವ ಮೊದಲೇ ಮುಗಿಯುವ ಸಾಧ್ಯತೆ ಇತ್ತು. ಈಗಲೇ ಹೋಗಿ ನಿಮ್ಮದನ್ನು ನೋಡಿ. ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಸಾಮಾನ್ಯ ಖಾತೆ ಮಾಡಿದ್ದೇನೆ. ರಿಜಿಸ್ಟ್ರಿಯಲ್ಲಿ ಆ ಥರ ಎಲ್ಲರಿಗೂ ನಿಯಮ ಬರೆಯಲು ಈಗ ನನ್ನ ಪಾಸ್‌ವರ್ಡ್ ಬೇಕು. ಬ್ರೌಸಿಂಗ್‌ಗೆ ಫೈರ್‌ಫಾಕ್ಸ್ ಮತ್ತು ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಕ್ಸ್‌ಟೆನ್ಶನ್. ನಕಲಿ ಹಸಿರು ಬಟನ್‌ಗಳು ಹೆಚ್ಚಿನಂಶ ಕಾಣುವುದೇ ಇಲ್ಲ. ಕ್ರೋಮ್‌ನಲ್ಲಿ ಈಗ ಯುಬ್ಲಾಕ್‌ನ ಲೈಟ್ ಆವೃತ್ತಿ ಮಾತ್ರ ನಡೆಯುತ್ತದೆ.

ಯೂನಿಕೋಡ್ ಪರಿವರ್ತನೆಗೆ ಏನನ್ನೂ ಇನ್‌ಸ್ಟಾಲ್ ಮಾಡುವ ಅಗತ್ಯ ಇರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಬ್ರೌಸರ್‌ನಲ್ಲೇ ಒಂದು ಕಡೆ ಅಂಟಿಸಿದರೆ ಇನ್ನೊಂದು ಕಡೆ ಯೂನಿಕೋಡ್ ಬರುವ ಪುಟಗಳಿವೆ. ನುಡಿ, ಪ್ರಿಂಟರ್ ಡ್ರೈವರ್, ಪಿಡಿಎಫ್ ರೀಡರ್ ಇಂಥ ನಮಗೆ ಪದೇ ಪದೇ ಬೇಕಾಗುವುದನ್ನೆಲ್ಲ ಮಾಡಿದವರ ಸೈಟಿನಿಂದಲೇ ಇಳಿಸಿ ಒಂದು ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೇನೆ. ಹುಡುಗ ಈಗ ನೆಟ್‌ನಲ್ಲಿ ಹುಡುಕುವ ಬದಲು ಡ್ರಾಯರ್ ತೆಗೆಯುತ್ತಾನೆ. ಇನ್‌ಸ್ಟಾಲ್ ಮಾಡುವಾಗ 'ಕಸ್ಟಮ್' ಒತ್ತಿ, ಪ್ರತಿ ಪುಟದ ಟಿಕ್ ಗುರುತು ಓದುತ್ತಾನೆ. ಹೋದ ವಾರ ಸ್ಕ್ಯಾನರ್ ತಂತ್ರಾಂಶ ಹಾಕುವಾಗ "ಅಣ್ಣ, ಇಲ್ಲೊಂದು ಟೂಲ್‌ಬಾರ್ ಟಿಕ್ ಆಗಿದೆ, ತೆಗೀಲಾ?" ಅಂದ.

ಹಿಂದಿನ ಟೇಬಲ್ಲಿನ ಕಂಪ್ಯೂಟರ್‌ನಲ್ಲಿ ಇನ್ನೂ ವಿಂಡೋಸ್ 10 ಇದೆ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಅಪ್‌ಡೇಟ್ ನಿಂತಿತು. ಹಳೆಯದು, ವಿಂಡೋಸ್ 11 ಕೂರುವುದಿಲ್ಲ. ಅದರ ನೆಟ್ ಕೇಬಲ್ ತೆಗೆದಿದ್ದೇನೆ. ಈಗ ಅದರಲ್ಲಿ ಲಗ್ನಪತ್ರಿಕೆ ಟೈಪಿಂಗ್ ಮತ್ತು ಪ್ರಿಂಟ್ ಮಾತ್ರ.