ದೊಡ್ಡ ಹರ್ನಿಯಾ: ಕತ್ತರಿ ಹಿಡಿಯುವ ಮೊದಲೇ ಅರ್ಧ ಕೆಲಸ

ಕಾರವಾರದಲ್ಲಿ ನನ್ನ ಹತ್ತಿರ ದೊಡ್ಡ ಹರ್ನಿಯಾದವರು ಜಾಸ್ತಿ ಬರುವುದು ಮಳೆಗಾಲದ ಶುರುವಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮಾರುವ ಹೆಂಗಸರಿಗೆ ಆಗಲೇ ಸ್ವಲ್ಪ ಬಿಡುವು. ಗರ್ಭಕೋಶ ತೆಗೆಸಿದ ಹಳೇ ಗಾಯದ ಜಾಗ ಬಿಟ್ಟುಕೊಂಡು, ಕರುಳು ಚರ್ಮದ ಕೆಳಗೇ ಬಂದಿರುತ್ತದೆ. ಬೆಲ್ಟ್ ಕಟ್ಟಿಕೊಂಡೇ ವರ್ಷಗಟ್ಟಲೆ ಬುಟ್ಟಿ ಹೊತ್ತಿರುತ್ತಾರೆ. "ನಾಳೆಯೇ ಮಾಡಿಬಿಡಿ ಡಾಕ್ಟ್ರೇ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅದಕ್ಕೇ ಈಗ ಏಪ್ರಿಲ್‌ನಲ್ಲೇ ಬರಲು ಹೇಳುತ್ತೇನೆ.

ಮೊದಲು ಸಕ್ಕರೆ. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇಕಡಾ 8ಕ್ಕಿಂತ ಕೆಳಗೆ ಬರಬೇಕು. ಆಮೇಲೆ ತಂಬಾಕು. "ಬೀಡಿ ಸೇದ್ತೀರಾ?" ಎಂದರೆ ಇಲ್ಲ ಅನ್ನುತ್ತಾರೆ. "ಅಮ್ಮಾ, ಕವಳಕ್ಕೆ ಹೊಗೆಸೊಪ್ಪು ಹಾಕ್ತೀರಾ?" ಎಂದೇ ಕೇಳಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಬಾಯಲ್ಲಿ ಜಗಿದರೂ ಅಷ್ಟೇ. ಕನಿಷ್ಠ ನಾಲ್ಕು ವಾರ ಬಿಡಿಸುತ್ತೇನೆ.

ಸಿಟಿ ಸ್ಕ್ಯಾನ್ ಬಂದ ಮೇಲೆ ನಾನೇ ಅಳೆಯುತ್ತೇನೆ. ರೆಕ್ಟಸ್ ಅಂದರೆ ಹೊಟ್ಟೆಯ ಮುಂದೆ ನಡುಗೆರೆಯ ಎರಡೂ ಬದಿಗೆ ಉದ್ದಕ್ಕೆ ಇಳಿಯುವ ಸ್ನಾಯು. ಎರಡೂ ಬದಿಯ ರೆಕ್ಟಸ್‌ಗಳ ಅಗಲ ಕೂಡಿಸಿದಾಗ ಅದು ಹೊಟ್ಟೆಗೋಡೆಯ ರಂಧ್ರದ ಅಗಲದ ಎರಡು ಪಟ್ಟಿಗಿಂತ ಜಾಸ್ತಿ ಇದ್ದರೆ, ಸಾಮಾನ್ಯವಾಗಿ ರೀವ್ಸ್-ಸ್ಟೊಪ್ಪಾ ವಿಧಾನವೇ ಸಾಕು: ರೆಕ್ಟಸ್ ಹಿಂದೆ ಜಾಗ ಬಿಡಿಸಿ, ಅಲ್ಲಿ ಮೆಶ್ (ಬಲೆ) ಹಾಕಿ, ಮುಂದೆ ಮುಚ್ಚುವುದು. ರಂಧ್ರ 12 ಸೆಂಟಿಮೀಟರ್, ಸ್ನಾಯು ಒಂದೊಂದು ಬದಿಗೆ 6 ಇದ್ದರೆ ಅಷ್ಟರಲ್ಲಿ ಮುಗಿಯುವುದು ಕಷ್ಟ. ಸುಮ್ನೆ ಎಳೆದು ಹೊಲಿದರೆ ಮತ್ತೆ ಬಿಟ್ಟುಕೊಳ್ಳುತ್ತದೆ. ಬದಿಯ ಸ್ನಾಯುವಿನ ಒಂದು ಪದರ ಬಿಡಿಸಿ ಸಡಿಲ ಮಾಡಬೇಕು.

ಸರ್ಜನ್ ರಾಮಿರೆಜ್ 1990ರಲ್ಲಿ ತೋರಿಸಿದ್ದು ಹೊರಗಿನ ಓರೆ ಸ್ನಾಯುವನ್ನು ಬಿಡಿಸುವ ದಾರಿ. ಅದಕ್ಕೆ ಚರ್ಮವನ್ನು ತುಂಬಾ ದೂರ ಎಬ್ಬಿಸಬೇಕು. ಚರ್ಮಕ್ಕೆ ರಕ್ತ ಕೊಡುವ ನಾಳಗಳು ಹೋಗುತ್ತವೆ, ಗಾಯ ಕೊಳೆಯುವ ಭಯ. ಸಕ್ಕರೆ ಕಾಯಿಲೆ ಇರುವ ನನ್ನ ರೋಗಿಗಳಿಗೆ ಅದು ಬೇಡ ಎಂದೇ ನನ್ನ ಅಭಿಪ್ರಾಯ. ನೋವಿಟ್‌ಸ್ಕಿ ತಂಡ 2012ರಲ್ಲಿ ಪ್ರಕಟಿಸಿದ ಟಿಎಆರ್, ಅಂದರೆ ಬದಿಯ ಸ್ನಾಯುಗಳಲ್ಲಿ ತೀರಾ ಒಳಗಿನದಾದ ಟ್ರಾನ್ಸ್‌ವರ್ಸಸ್ ಬಿಡಿಸುವ ವಿಧಾನ, ಒಳಗಿನಿಂದ ಹೋಗುತ್ತದೆ. ನಾನು ಅದನ್ನೇ ಮಾಡುತ್ತೇನೆ.

ರೆಕ್ಟಸ್ ಹಿಂದಿನ ಪೊರೆ ಸೀಳಿ, ಸ್ನಾಯುವನ್ನು ಮೆಲ್ಲಗೆ ಬಿಡಿಸುತ್ತಾ ಬದಿಗೆ ಹೋದರೆ ನರಗಳು ಸಾಲಾಗಿ ಒಳಹೊಗುವುದು ಕಾಣುತ್ತದೆ. ಅಲ್ಲಿ ಕೈ ನಿಲ್ಲಬೇಕು. ಅವು ಕಡಿದರೆ ರೆಕ್ಟಸ್ ಸೊರಗುತ್ತದೆ. ನರಗಳಿಗಿಂತ ಸ್ವಲ್ಪ ನಡುಗೆರೆಯ ಕಡೆಗೆ ಪೊರೆಯನ್ನು ಕತ್ತರಿಸುತ್ತೇನೆ. ನಾನು ಶುರು ಮಾಡುವುದು ಮೇಲ್ಹೊಟ್ಟೆಯಿಂದ. ಅಲ್ಲಿ ಟ್ರಾನ್ಸ್‌ವರ್ಸಸ್ ಸ್ನಾಯು ದಪ್ಪಗೆ ಎದ್ದು ಕಾಣುತ್ತದೆ, ಪದರ ತಪ್ಪುವ ಸಾಧ್ಯತೆ ಕಡಿಮೆ. ಸ್ನಾಯುವನ್ನು ಎತ್ತಿ ಹಿಡಿದು ಸ್ವಲ್ಪ ಸ್ವಲ್ಪವೇ ಕಡಿಯುತ್ತಾ ಹೋದಂತೆ ಹಿಂದಿನ ಪದರ ಸಡಿಲವಾಗಿ ನಡುವಿಗೆ ಬರುತ್ತದೆ. ಆ ಪದರ ಈರುಳ್ಳಿ ಸಿಪ್ಪೆಯಷ್ಟು ತೆಳು, ಹರಿಯುತ್ತದೆ. ಹರಿದ ಒಂದೊಂದು ತೂತನ್ನೂ ಹುಡುಕಿ ಹೊಲಿಯಬೇಕು, ಇಲ್ಲದಿದ್ದರೆ ಕರುಳು ಅದರಲ್ಲೇ ನುಸುಳಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಎಷ್ಟು ಹೊತ್ತು ಹಿಡಿದರೂ ನಾನು ಅವಸರ ಮಾಡುವುದಿಲ್ಲ. ಅದರ ಮೇಲೆ ಅಗಲವಾದ ಪಾಲಿಪ್ರೊಪಿಲೀನ್ ಮೆಶ್, ಮೇಲೆ ರೆಕ್ಟಸ್‌ಗಳನ್ನು ನಡುವೆ ಕೂಡಿಸಿ ಹೊಲಿಗೆ.

ಮುಚ್ಚುವಾಗ ಅರಿವಳಿಕೆ ಡಾಕ್ಟರನ್ನು ಕೇಳುತ್ತಲೇ ಇರುತ್ತೇನೆ: ಉಸಿರಿನ ಒತ್ತಡ ಎಷ್ಟು ಏರಿತು? ಪ್ಲಾಟೋ ಒತ್ತಡ (ಗಾಳಿ ತುಂಬಿ ನಿಂತಾಗ ಶ್ವಾಸಕೋಶದಲ್ಲಿರುವ ಒತ್ತಡ) ಮೊದಲಿಗಿಂತ 6 ಸೆಂ.ಮೀ. ನೀರಿನ ಒತ್ತಡಕ್ಕಿಂತ ಜಾಸ್ತಿ ಏರಿದರೆ ಆ ರಾತ್ರಿ ವೆಂಟಿಲೇಟರ್ ತೆಗೆಸುವುದಿಲ್ಲ. ಇಲ್ಲದಿದ್ದರೆ ಮರುದಿನವೇ ಎಬ್ಬಿಸಿ ನಡೆಸುತ್ತೇನೆ. ಕೆಮ್ಮುವಾಗ ದಿಂಬು ಒತ್ತಿ ಹಿಡಿಯಲು ಮೊದಲೇ ಕಲಿಸಿರುತ್ತೇವೆ. ಆಗಸ್ಟ್‌ನಲ್ಲಿ ದೋಣಿ ಇಳಿದ ಕೂಡಲೇ ಬುಟ್ಟಿ ಹೊರುತ್ತೇನೆ ಅನ್ನುವವರೇ ಎಲ್ಲರೂ. ಬುಟ್ಟಿಯ ವಿಷಯ ನಾನು ಅವರ ಮಗಳಿಗೋ ಸೊಸೆಗೋ ಹೇಳಿ ಕಳಿಸುತ್ತೇನೆ.