ಅಮ್ಮಂಗೆ ಲೋ ಬಿಪಿ ಅಂತ ಬಿಟ್ಬಿಡ್ಬೇಡಿ ಮಾರಾಯ್ರೆ, ಮನೇಲೇ ನೋಡುದು ಹೇಗೆ

ನಮ್ಮನೇಲಿ ಬಿಪಿ ಅಂದ್ರೆ ಅಪ್ಪನದ್ದು. ಅಮ್ಮ ಯಾವಾಗ್ಲೂ "ನಂಗೆ ಲೋ ಬಿಪಿ, ಉಪ್ಪು ಎಂತ ಮಾಡುದಿಲ್ಲ" ಅಂತ ಗಂಜಿಗೆ ಒಣ ಸಿಗಡಿ ಚಟ್ನಿ, ಮಿಡಿ ಉಪ್ಪಿನಕಾಯಿ ಎರಡೂ ಹಾಕ್ಕೊಳ್ತಿದ್ರು, 53ಕ್ಕೆ ಒಂದಿನ ಸುಮ್ನೆ ಅಪ್ಪನ ಮೆಷಿನ್ ಕಟ್ಟಿ ನೋಡಿದ್ರೆ 158/94! ಲೋ ಬಿಪಿ ಇದ್ದದ್ದು ಸುಳ್ಳಲ್ಲ, ಅದು ಮುಟ್ಟು ನಿಲ್ಲುವ ಮೊದಲಿನ ಕಥೆ.

ಮುಟ್ಟು ನಿಲ್ಲದ ಹೆಂಗಸರಿಗೆ ಅದೇ ವಯಸ್ಸಿನ ಗಂಡಸರಿಗಿಂತ ಬಿಪಿ ಸಾಮಾನ್ಯವಾಗಿ ಕಮ್ಮಿ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಇರುವಷ್ಟು ದಿನ ರಕ್ತನಾಳದ ಒಳಪದರದಲ್ಲಿ ನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಚೆನ್ನಾಗಿ ತಯಾರಾಗ್ತದೆ, ನಾಳ ಸಡಿಲ ಇರ್ತದೆ, ಕಿಡ್ನಿ ಕಡೆಯಿಂದ ಉಪ್ಪು ನೀರು ಹಿಡಿದಿಡುವ ಹಾರ್ಮೋನುಗಳಿಗೂ ಸ್ವಲ್ಪ ಲಗಾಮು ಉಂಟು. ಮುಟ್ಟು ನಿಂತು ಈಸ್ಟ್ರೋಜನ್ ಇಳಿದ್ಮೇಲೆ ನಾಳ ಬಿಗಿ ಆಗ್ತದೆ, ಅದೇ ಉಪ್ಪಿನಕಾಯಿಗೆ ಬಿಪಿ ಮೊದಲಿಗಿಂತ ಜಾಸ್ತಿ ಏರ್ತದೆ. ಗಂಡಸರದ್ದು 30-40ರಲ್ಲೇ ಸದ್ದಿಲ್ದೆ ಏರ್ಲಿಕ್ಕೆ ಶುರುವಾಗ್ತದೆ, ಅವ್ರು ನೋಡಿಸಿಕೊಳ್ಳುದೇ ಇಲ್ಲ, ಅದು ಬೇರೆ ವಿಷ್ಯ.

ಈಗ ನೋಡುದು ಹೇಗೆ. ತೋಳಿಗೆ ಕಟ್ಟುವ ಮೆಷಿನೇ ತಗೊಳ್ಳಿ, ಪಟ್ಟಿ ತೋಳಿನ ಸೈಜಿಗೆ ಸರಿ ಇರ್ಬೇಕು, ಸಣ್ಣದಾದ್ರೆ ಬಿಪಿ ಸುಮ್ನೆ ಜಾಸ್ತಿ ತೋರಿಸ್ತದೆ. ಅಮ್ಮಂದಿರಿಗೆ ಒಂದು ಮಾತು, ಬಿಗಿ ರವಿಕೆ ತೋಳನ್ನು ಮೇಲೆ ಸುತ್ತಿ ಕಟ್ಬೇಡಿ, ಸಡಿಲ ತೋಳಿನ ನೈಟಿ ಹಾಕಿ ಬರೀ ತೋಳಿಗೆ ಕಟ್ಟಿ. ಅದಕ್ಕೆ ಅರ್ಧ ಗಂಟೆ ಮೊದಲು ಚಾ, ಕಾಫಿ ಬೇಡ, ಮೂತ್ರಕ್ಕೆ ಹೋಗಿ ಬಂದು ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ತೋಳು ಎದೆ ಮಟ್ಟಕ್ಕೆ ಮೇಜಿನ ಮೇಲಿಟ್ಟು 5 ನಿಮಿಷ ಸುಮ್ಮನಿರಿ (ಧಾರಾವಾಹಿ ನೋಡ್ತಾ ಅಲ್ಲ). ಬೆಳಿಗ್ಗೆ ಮಾತ್ರೆಗೆ ಮೊದಲು, ಸಂಜೆ ಒಮ್ಮೆ, ಪ್ರತಿ ಸಲ 1 ನಿಮಿಷ ಬಿಟ್ಟು 2 ರೀಡಿಂಗ್, ಹೀಗೆ 7 ದಿನ, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೀರಿ. ಮನೇಲಿ 135/85 ಅಥವಾ ಅದಕ್ಕಿಂತ ಮೇಲೆ ಬಂದ್ರೆ ಡಾಕ್ಟ್ರಿಗೆ ತೋರಿಸ್ಲೇಬೇಕು, ಗಂಡಸಾದ್ರೂ ಹೆಂಗಸಾದ್ರೂ ಅಷ್ಟೇ.

ಅಮ್ಮನ ಬುಕ್ಕಲ್ಲಿ ಮಾತ್ರ ಇನ್ನೊಂದೆರಡು ಬರಿರಿ: ಮುಟ್ಟು ನಿಂತದ್ದು ಯಾವಾಗ, ಬಸುರಿಯಲ್ಲಿ ಬಿಪಿ ಏರಿತ್ತಾ. 20 ವಾರದ ನಂತರ ಬಿಪಿ ಏರಿದವ್ರಿಗೆ, ಹೆರಿಗೆ ಆಗಿ ಸರಿಯಾಗಿದ್ರೂ, ಮುಂದೆ ಪುನಃ ಬರುವ ಸಾಧ್ಯತೆ ಹೆಚ್ಚು, ಕೇಳದಿದ್ರೆ ಅಮ್ಮ ಹೇಳುದಿಲ್ಲ. ತಂಗಿ ಗರ್ಭನಿರೋಧಕ ಮಾತ್ರೆ ತಗೊಳ್ತಿದ್ರೆ ಅವಳದ್ದೂ ನೋಡಿ, ಕೆಲವರಿಗೆ ಅದ್ರಿಂದ ಏರ್ತದೆ.

ಮತ್ತೆ ಅಪ್ಪನ ಬಿಪಿ ಮಾತ್ರೆ ಅಮ್ಮಂಗೆ ಕೊಡ್ಬೇಡಿ. ಆಮ್ಲೊಡಿಪಿನ್‌ಗೆ ಕಾಲು ಬಾಯುವುದು, ಎನಾಲಪ್ರಿಲ್ ತರದ್ದಕ್ಕೆ ಒಣಕೆಮ್ಮು, ಎರಡೂ ಹೆಂಗಸರಿಗೇ ಜಾಸ್ತಿ. ನಮ್ಮಮ್ಮ ಕಾಲು ಬಾತದ್ದನ್ನು ಮದುವೆ ಮನೇಲಿ ನಿಂತದ್ದಕ್ಕೆ ಅಂತ ಎರಡು ತಿಂಗಳು ಎಣ್ಣೆ ಉಜ್ಜಿದ್ರು, ಡಾಕ್ಟ್ರು ಮಾತ್ರೆ ಬದಲಿಸಿದ ಮೇಲೆ ಇಳಿಯಿತು.